ಓಡದೆಯೂ ಒಡೆದ ಗಿಯರ್

ಮಾದರಿ ರೈಲಿನ ಎಂಜಿನ್ ಕುಂಟತೊಡಗಿದರೆ ಯಾರಾದರೂ ಮೊದಲು ಹುಡುಕುವುದು ಸವೆದ ಹಲ್ಲನ್ನು. ವರ್ಷಗಟ್ಟಲೆ ತಿರುಗಿದ ಹಲ್ಲುಚಕ್ರ ತೆಳ್ಳಗಾಗುವುದು ಸಹಜ ತಾನೇ? ಆದರೆ ಇಂಗ್ಲೆಂಡ್, ಜರ್ಮನಿ, ಅಮೆರಿಕದ ಹವ್ಯಾಸಿಗಳ ರಿಪೇರಿ ಮೇಜಿಗೆ ಬರುವ ಎಂಜಿನ್‌ಗಳು ಈ ಲೆಕ್ಕಕ್ಕೆ ಬಗ್ಗುವುದಿಲ್ಲ. 1930ರ ದಶಕದ ಕೀಲಿ ಎಂಜಿನ್, ಎರಡು ಮೂರು ತಲೆಮಾರಿನ ಮಕ್ಕಳ ಕೈಯಲ್ಲಿ ನಲುಗಿದ್ದರೂ, ಕೊಳೆ ತೆಗೆದು ನಾಲ್ಕು ಹನಿ ಎಣ್ಣೆ ಬಿಟ್ಟರೆ ಎಷ್ಟೋ ಸಲ ಮತ್ತೆ ಓಡುತ್ತದೆ. 1990ರ ದಶಕದಲ್ಲಿ ಕೊಂಡು ಪೆಟ್ಟಿಗೆಯಿಂದ ಹೊರಗೇ ತೆಗೆಯದ ಡೀಸೆಲ್ ಎಂಜಿನ್ ಹಳಿ ಮುಟ್ಟಿದ ಮೊದಲ ದಿನವೇ ಟಕ್, ಟಕ್ ಎಂದು ಸದ್ದು ಮಾಡುತ್ತದೆ. ಅದರ ಗಿಯರ್ ಸವೆದಿರುವುದಿಲ್ಲ, ಕೂತಲ್ಲೇ ಸೀಳಿರುತ್ತದೆ. ಮಾದರಿ ರೈಲಿನ ಇತಿಹಾಸ ತೆಗೆದು ನೋಡಿದರೆ, ಹಲ್ಲುಚಕ್ರಗಳನ್ನು ಓಟ ಕೊಂದದ್ದು ಕಡಿಮೆ. ಹೆಚ್ಚಾಗಿ ಕೊಂದದ್ದು ಅವುಗಳನ್ನು ಮಾಡಿದ ಸಾಮಗ್ರಿ ಮತ್ತು ಕೂರಿಸಿದ ರೀತಿ.

ಜರ್ಮನಿಯ ಗೋಪಿಂಗೆನ್ ಊರಿನಲ್ಲಿ ಥಿಯೊಡೋರ್ ಮಾರ್ಕ್ಲಿನ್ 1859ರಲ್ಲಿ ಆರಂಭಿಸಿದ್ದು ಬೊಂಬೆಮನೆಗೆ ತಗಡಿನ ಅಡುಗೆ ಪಾತ್ರೆ ಮಾಡುವ ಕಸುಬು. ಅವನು 1866ರಲ್ಲಿ ತೀರಿಕೊಂಡ. ಹೆಂಡತಿ ಕ್ಯಾರೊಲಿನ್ ಊರೂರು ಸುತ್ತಿ ಸಾಮಾನು ಮಾರುತ್ತ ವ್ಯಾಪಾರ ಉಳಿಸಿಕೊಂಡಳು. ಮಕ್ಕಳ ಕಾಲಕ್ಕೆ, 1891ರ ಲೈಪ್‌ಜಿಗ್ ಜಾತ್ರೆಯಲ್ಲಿ, ಅದೇ ಮನೆತನ ಕೀಲಿ ಕೊಟ್ಟು ಓಡಿಸುವ ರೈಲನ್ನು ಹಳಿಗಳ ಸಮೇತ ಪ್ರದರ್ಶಿಸಿತು. ಹಳಿಯ ಅಗಲಕ್ಕೆ ನಿಗದಿತ ಅಳತೆಗಳಿದ್ದವು. ಇವತ್ತು ಒಂದು ಪೆಟ್ಟಿಗೆ ರೈಲು, ಮುಂದಿನ ಹಬ್ಬಕ್ಕೆ ಇನ್ನಷ್ಟು ಹಳಿ, ಆಮೇಲೆ ಒಂದು ಸ್ಟೇಷನ್. ಗಿರಾಕಿಯನ್ನು ವರ್ಷವರ್ಷವೂ ಅಂಗಡಿಗೆ ಕರೆಸುವ ಉಪಾಯ ಅದು. ವ್ಯಾಪಾರದ ಜಾಣತನದಲ್ಲಿ ಕ್ಯಾರೊಲಿನ್ ಮಕ್ಕಳು ತಾಯಿಗೆ ತಕ್ಕವರೇ.

ಆ ಕಾಲದ ಕೀಲಿ ಎಂಜಿನ್ನಿನ ಹೊಟ್ಟೆಯಲ್ಲಿದ್ದದ್ದು ಗಡಿಯಾರದ ವಿದ್ಯೆಯೇ. ಎರಡು ಲೋಹದ ತಟ್ಟೆಗಳು, ನಡುವೆ ಸುರುಳಿ ಸ್ಪ್ರಿಂಗು, ಅದರ ಬಲವನ್ನು ಗಾಲಿಗೆ ಮುಟ್ಟಿಸುವ ಗಿಯರ್‌ಗಳ ಸಾಲು. ಇಲ್ಲಿ ಮೊದಲು ಸವೆಯುತ್ತಿದ್ದದ್ದು ಹಲ್ಲಲ್ಲ, ತಟ್ಟೆಯ ತೂತು. ಶಾಫ್ಟಿನ ತುದಿ ತಿರುಗಿ ತಿರುಗಿ ದುಂಡು ತೂತು ಮೊಟ್ಟೆಯಾಕಾರಕ್ಕೆ ಬರುತ್ತಿತ್ತು. ಶಾಫ್ಟ್ ವಾಲಿದಾಗ ಎರಡು ಗಿಯರ್‌ಗಳ ನಡುವಿನ ಅಂತರ ಹೆಚ್ಚಿ, ಹಲ್ಲುಗಳು ತುದಿಯಲ್ಲಷ್ಟೇ ಒಂದನ್ನೊಂದು ಹಿಡಿಯುತ್ತಿದ್ದವು. ಹಲ್ಲು ಹಾಳಾಗುತ್ತಿದ್ದದ್ದು ಆಮೇಲೆ. ಇದಕ್ಕೆ ಗಡಿಯಾರದವರು ಮಾಡುವ ಮದ್ದೇ ಮದ್ದು: ತೂತನ್ನು ಕೊರೆದು ದೊಡ್ಡದು ಮಾಡಿ, ಹಿತ್ತಾಳೆ ಬುಷ್ ಹೊಡೆದು, ಅದರಲ್ಲಿ ಸರಿಯಾದ ಜಾಗಕ್ಕೆ ಹೊಸ ತೂತು ತೆಗೆಯುವುದು. ಗಡಿಯಾರ ರಿಪೇರಿ ಬಲ್ಲವನಿಗೆ ಆಟದ ರೈಲು ಹೊಸ ಪಾಠವೇನೂ ಆಗಿರಲಿಲ್ಲ.

ಇಂಗ್ಲೆಂಡಿನಲ್ಲಿ ರಿಪೇರಿಯ ಹುಚ್ಚಿಗೆ ಬೇರೆಯದೇ ಬೇರಿತ್ತು. ಪರ್ಸಿವಲ್ ಮಾರ್ಷಲ್ 1898ರಲ್ಲಿ ಹೊರಡಿಸಿದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ, ಮನೆಯ ಹಿತ್ತಲ ಶೆಡ್ಡಿನಲ್ಲಿ ಪುಟ್ಟ ಲೇತ್ ಇಟ್ಟುಕೊಂಡು ಎಂಜಿನ್ ಕಡೆಯುವವರಿಗೆ ಮಾತಿನ ಕಟ್ಟೆಯಾಯಿತು. ನಾರ್ಥಾಂಪ್ಟನ್ನಿನ ಡಬ್ಲ್ಯು. ಜೆ. ಬ್ಯಾಸೆಟ್-ಲೋಕ್ ಇಂಥವರನ್ನೇ ನೆಚ್ಚಿ ಅಂಗಡಿ ತೆರೆದವನು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ನ್ಯೂರೆಂಬರ್ಗಿನ ಬಿಂಗ್ ಕಂಪನಿಯವರನ್ನು ಕಂಡು, ಇಂಗ್ಲಿಷ್ ರೈಲುಗಳಂತೆ ಕಾಣುವ ಮಾದರಿಗಳನ್ನು ಅವರಿಂದ ಮಾಡಿಸಿ ತಂದ. ಗ್ವಾಲಿಯರ್‌ನ ಜಯ ವಿಲಾಸ ಅರಮನೆಯ ಊಟದ ಮೇಜಿನ ಮೇಲೆ ಅತಿಥಿಗಳಿಗೆ ಮದ್ಯ, ಸಿಗಾರು ಹೊತ್ತು ಸುತ್ತುತ್ತಿದ್ದ ಸಿಂಧಿಯಾ ಮಹಾರಾಜರ ಬೆಳ್ಳಿ ರೈಲು ಕೂಡ ಬ್ಯಾಸೆಟ್-ಲೋಕ್ ಹೆಸರಿನದೇ.

ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತೂತು ಕೊರೆದ ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟಿನಿಂದ ಜೋಡಿಸುವ ಮೆಕ್ಯಾನೋ ಆಟಿಕೆಗೆ 1901ರಲ್ಲಿ ಪೇಟೆಂಟ್ ಪಡೆದವನು ಇವನೇ. 1920ರಲ್ಲಿ ಅವನು ತಂದ ಮೊದಲ ರೈಲನ್ನೂ ಹಾಗೆಯೇ ನಟ್ಟು ಬೋಲ್ಟು ಹಾಕಿ ಕಟ್ಟಲಾಗಿತ್ತು. ಹುಡುಗ ಅದನ್ನು ಪೂರ್ತಿ ಬಿಚ್ಚಬಹುದು, ಕೆಟ್ಟ ಭಾಗಕ್ಕೆ ಹೊಸದು ತರಿಸಬಹುದು, ಮತ್ತೆ ಕಟ್ಟಬಹುದು. ರಿಪೇರಿ ಮಾಡುವುದೂ ಆಟದ ಒಂದು ಭಾಗವೇ ಎಂದುಕೊಂಡ ತಯಾರಕರು ಆಮೇಲೆ ಅಷ್ಟಾಗಿ ಕಾಣಸಿಗುವುದಿಲ್ಲ.

ವಿದ್ಯುತ್ ಮೋಟಾರು ಬಂದ ಮೇಲೆ ಗಿಯರ್‌ನ ಕೆಲಸ ಬದಲಾಯಿತು. ಸ್ಪ್ರಿಂಗು ನಿಧಾನ, ಬಲ ಹೆಚ್ಚು. ಮೋಟಾರು ಇದಕ್ಕೆ ತದ್ವಿರುದ್ಧ. ಒಂದು ಲೆಕ್ಕ ಹಾಕಿ ನೋಡಬಹುದು. ಎಚ್‌ಒ ಮಾದರಿ ನಿಜ ರೈಲಿನ 87ನೇ ಒಂದು ಪಾಲು. ಗಂಟೆಗೆ 80 ಕಿಲೋಮೀಟರ್ ಓಡುವ ರೈಲು ಮೇಜಿನ ಮೇಲೆ ಸೆಕೆಂಡಿಗೆ ಸುಮಾರು 25 ಸೆಂಟಿಮೀಟರ್ ಓಡಬೇಕು. 12 ಮಿಲಿಮೀಟರ್ ವ್ಯಾಸದ ಗಾಲಿ ಅದಕ್ಕಾಗಿ ನಿಮಿಷಕ್ಕೆ 400 ಸುತ್ತು ತಿರುಗಿದರೆ ಸಾಕು. ಮೋಟಾರಿನ ವೇಗ 10,000 ಸುತ್ತು ಎಂದಿಟ್ಟುಕೊಂಡರೆ ಅದನ್ನು 25ನೇ ಒಂದು ಪಾಲಿಗೆ ಇಳಿಸಬೇಕು. ಬೆರಳಿನಗಲ ಜಾಗದಲ್ಲಿ ಇಷ್ಟು ಇಳಿಸಲು ವರ್ಮ್ ಗಿಯರ್‌ನಷ್ಟು ಅನುಕೂಲದ್ದು ಬೇರೆ ಇಲ್ಲ. ಮೋಟಾರಿನ ಶಾಫ್ಟಿಗೆ ಸ್ಕ್ರೂ ಮರೆಯಂಥ ವರ್ಮ್, ಆಕ್ಸಲ್ಲಿಗೆ ಹಲ್ಲುಚಕ್ರ. ವರ್ಮ್ ಒಂದು ಸುತ್ತು ಬಂದರೆ ಚಕ್ರ ಒಂದೇ ಹಲ್ಲು ಮುಂದೆ ಹೋಗುತ್ತದೆ. ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಕಿಟ್ ತಂದು ಎಂಜಿನ್ ಕಟ್ಟುವವರ ಬಾಯಲ್ಲಿ ರೊಮ್‌ಫರ್ಡ್ ಕಂಪನಿಯ 40:1, 30:1 ಹಿತ್ತಾಳೆ ಗಿಯರ್ ಜೋಡಿಗಳ ಹೆಸರು ಮನೆಮಾತಾಗಿತ್ತು.

ನಿಜವಾದ ಸವೆತ ಕಾಣುವುದು ಇಲ್ಲಿ. ವರ್ಮ್ ಹಲ್ಲಿನ ಮೇಲೆ ಉರುಳುವುದಿಲ್ಲ, ಉಜ್ಜಿಕೊಂಡೇ ಹೋಗುತ್ತದೆ. ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿ, ಅದರೊಳಗೆ ಕಾರ್ಪೆಟ್ಟಿನ ನಾರು, ಕೂದಲು, ಲೋಹದ ಪುಡಿ ಸೇರಿದರೆ ಅರದಲ್ಲಿ ಉಜ್ಜಿದ ಹಾಗೆಯೇ. ಹಿತ್ತಾಳೆ ಹಲ್ಲಿನ ನಡುವೆ ತಗ್ಗು ಬಿದ್ದು, ಕೊನೆಗೆ ಹಲ್ಲು ಚಾಕುವಿನ ಅಲಗಿನಂತೆ ಚೂಪಾಗುತ್ತದೆ. ಅನುಭವಿಗಳು ಇದಕ್ಕೆ ಹೂಡುವ ಉಪಾಯ ಸೊಗಸಾಗಿದೆ. ಎಂಜಿನ್ ಹೆಚ್ಚಾಗಿ ಮುಂದಕ್ಕೇ ಓಡಿರುವುದರಿಂದ ಹಲ್ಲಿನ ಒಂದು ಮಗ್ಗುಲು ಮಾತ್ರ ಸವೆದಿರುತ್ತದೆ. ಚಕ್ರವನ್ನು ಆಕ್ಸಲ್ಲಿನಿಂದ ಕಳಚಿ, ಮಗುಚಿ ಹಾಕಿದರೆ ಸವೆಯದ ಮಗ್ಗುಲು ಹೊರೆಗೆ ಹೆಗಲು ಕೊಡುತ್ತದೆ. ಜೊತೆಗೆ ವರ್ಮಿನ ತುದಿಗೆ ತೆಳ್ಳನೆ ವಾಷರ್ ಸೇರಿಸಿ ಅದು ಹಿಂದೆ ಮುಂದೆ ಜಾರುವುದನ್ನು ತಡೆಯುತ್ತಾರೆ. ಖರ್ಚು ಹೆಚ್ಚೆಂದರೆ ಒಂದು ವಾಷರಿನದು.

ವಾಷರಿಗೆ ಬಗ್ಗದ ಕಾಯಿಲೆಯೂ ಇತ್ತು. 1920ರ, 1930ರ ದಶಕಗಳಲ್ಲಿ ತಯಾರಕರು ಸತುವಿನ ಎರಕಕ್ಕೆ ಮನಸೋತರು. ಕರಗಿದ ಮಿಶ್ರಲೋಹವನ್ನು ಒತ್ತಡದಿಂದ ಅಚ್ಚಿಗೆ ತುಂಬಿದರೆ ಗಾಲಿ, ಚಾಸಿ ಎಲ್ಲವೂ ಅಚ್ಚುಕಟ್ಟಾಗಿ, ಅಗ್ಗವಾಗಿ ಹೊರಬರುತ್ತಿದ್ದವು. ಆದರೆ ಸತುವಿನಲ್ಲಿ ಲವಲೇಶ ಸೀಸವೋ ತವರವೋ ಬೆರೆತಿದ್ದರೂ, ತೇವದ ಗಾಳಿಗೆ ಲೋಹದ ಕಣಗಳ ಸಂದಿನಲ್ಲಿ ಕೊಳೆತ ಶುರುವಾಗುತ್ತದೆ. ಎರಕ ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ತಂದ ಜಮಾಕ್ ಮಿಶ್ರಲೋಹ 99.99 ಪ್ರತಿಶತ ಶುದ್ಧ ಸತುವಿನ ಮೇಲೆ ನಿಂತದ್ದು ಈ ಕಾರಣಕ್ಕೇ. ಮದ್ದು ಗೊತ್ತಾಯಿತು, ಪಥ್ಯ ಎಲ್ಲರೂ ಮಾಡಲಿಲ್ಲ. ಯುದ್ಧಪೂರ್ವದ ಹಾರ್ನ್‌ಬಿ, ಮಾರ್ಕ್ಲಿನ್ ಎಂಜಿನ್‌ಗಳಲ್ಲಿ ಎಷ್ಟೋ ಹೀಗೆ ಪೆಟ್ಟಿಗೆಯಲ್ಲೇ ಮಣ್ಣಾದವು. ಚಾಸಿ ಉಬ್ಬಿದರೆ ಒಳಗಿನ ಗಿಯರ್ ಎಷ್ಟು ಗಟ್ಟಿಮುಟ್ಟಾಗಿದ್ದರೂ ಪ್ರಯೋಜನವಿಲ್ಲ, ಹಲ್ಲುಗಳು ಬಿಗಿದುಕೊಳ್ಳುತ್ತವೆ. ಕಳೆದ ಕೆಲವು ದಶಕಗಳಲ್ಲಿ ಚೀನಾದಲ್ಲಿ ಎರಕ ಹೊಯ್ದ ಕೆಲವು ಮಾದರಿಗಳಿಗೂ ಇದೇ ರೋಗ ಮರಳಿ ಬಂತು.

ಇನ್ನು ಪ್ಲಾಸ್ಟಿಕ್ಕಿನ ಕಥೆ. ಅದಕ್ಕೂ ಹಳಿಗೂ ನಂಟಿದೆ. 1938ರಲ್ಲಿ ಬಂದ ಹಾರ್ನ್‌ಬಿ-ಡಬ್ಲೋ ರೈಲಿಗೆ ಮೂರು ಹಳಿ. ನಡುವಿನದರಿಂದ ವಿದ್ಯುತ್ ಬಂದು ಅಕ್ಕಪಕ್ಕದ ಹಳಿಗಳಿಗೆ ಇಳಿಯುತ್ತಿತ್ತು. ಎಡಬಲದ ಗಾಲಿಗಳನ್ನು ಲೋಹದ ಆಕ್ಸಲ್ ಸೇರಿಸಿದರೂ ತೊಂದರೆಯಿರಲಿಲ್ಲ. ನೋಡಲು ನೈಜವಾಗಿರಲೆಂದು 1959ರಲ್ಲಿ ಅವರೂ ಎರಡು ಹಳಿಗೆ ಬಂದರು. ಎರಡು ಹಳಿಯಲ್ಲಿ ಒಂದು ಧನ, ಇನ್ನೊಂದು ಋಣ. ಆಕ್ಸಲ್ ಎರಡನ್ನೂ ಜೋಡಿಸಿದರೆ ಶಾರ್ಟ್ ಸರ್ಕ್ಯೂಟ್. ಗಾಲಿಯ ಗುಂಬಕ್ಕೋ ಅಂಚಿಗೋ ವಿದ್ಯುತ್ ಹರಿಯದ ಪಟ್ಟಿ ಹಾಕುವುದು ಒಂದು ದಾರಿ. ಮತ್ತೆ ಕೆಲವರು ಇನ್ನೂ ಅಗ್ಗದ ದಾರಿ ಹಿಡಿದರು: ಆಕ್ಸಲ್ಲನ್ನೇ ಎರಡು ತುಂಡು ಮಾಡಿ, ನಡುವೆ ಪ್ಲಾಸ್ಟಿಕ್ ಗಿಯರಿನ ಕೊಳವೆ ಇಟ್ಟು, ಎರಡೂ ಕಡೆಯಿಂದ ಬಿಗಿಯಾಗಿ ತುರುಕುವುದು. ಗಿಯರ್, ಆಕ್ಸಲ್ ಜೋಡಣೆ, ವಿದ್ಯುತ್ ತಡೆ, ಮೂರೂ ಒಂದೇ ತುಂಡಿನಲ್ಲಿ. 1960ರಲ್ಲಿ ಡುಪಾಂಟ್ ಕಂಪನಿ ಡೆಲ್ರಿನ್ ಪ್ಲಾಸ್ಟಿಕ್ಕನ್ನು ಮಾರುಕಟ್ಟೆಗೆ ತಂದಿತ್ತು. ಅದು ಜಾರುತ್ತದೆ, ಬೇಗ ಸವೆಯುವುದಿಲ್ಲ. ಗಿಯರಿಗೆ ಹೇಳಿ ಮಾಡಿಸಿದ ಸಾಮಗ್ರಿ.

ಎಡವಟ್ಟಾದದ್ದು ಬಿಗಿತದಲ್ಲಿ. ತೂತಿಗಿಂತ ಆಕ್ಸಲ್ ಕೂದಲೆಳೆಯಷ್ಟು ದಪ್ಪವಾದರೂ ಪ್ಲಾಸ್ಟಿಕ್ ಕೊಳವೆ ಹಗಲೂ ರಾತ್ರಿ ಹಿಗ್ಗಿಕೊಂಡೇ ಇರಬೇಕು. ಎಂಜಿನ್ ಓಡಲಿ ಬಿಡಲಿ, ಆ ಸೆಳೆತಕ್ಕೆ ರಜೆಯಿಲ್ಲ. ವರ್ಷಗಳಾದ ಮೇಲೆ ಎರಡು ಹಲ್ಲುಗಳ ನಡುವಿನ ತೆಳು ಜಾಗದಲ್ಲಿ ಸೀಳು ಬಿಡುತ್ತದೆ. ಸೀಳಿದ ಕಡೆ ಹಲ್ಲುಗಳ ಅಂತರ ಹೆಚ್ಚಾಗುವುದರಿಂದ ಪ್ರತಿ ಸುತ್ತಿಗೊಮ್ಮೆ ಅಲ್ಲಿ ತಡೆ, ಒಂದು ಟಕ್. ಹಿಡಿತ ಸಡಿಲಾದ ಗಾಲಿಗಳು ಹತ್ತಿರ ಸರಿದೋ ದೂರ ಸರಿದೋ ಕವಲು ಹಳಿಯಲ್ಲಿ ಎಂಜಿನ್ ಕೆಳಗಿಳಿಯುತ್ತದೆ. ಅಮೆರಿಕದ ಲೈಫ್-ಲೈಕ್ ಕಂಪನಿಯ ಪ್ರೋಟೋ 2000 ಡೀಸೆಲ್‌ಗಳು ವಿವರಗಳ ಅಂದಕ್ಕೆ ಎಷ್ಟು ಹೆಸರುವಾಸಿಯೋ ಈ ಸೀಳಿಗೂ ಅಷ್ಟೇ. ಇಂಗ್ಲೆಂಡಿನಲ್ಲಿ ಪ್ಯಾಲಿಟಾಯ್ ಸಂಸ್ಥೆ 1976ರಲ್ಲಿ ಆರಂಭಿಸಿದ ಮೇನ್‌ಲೈನ್ ಎಂಜಿನ್‌ಗಳದೂ ಅದೇ ಗೋಳು.

ಅಂಟು ಹಾಕಿ ಕೂಡಿಸೋಣವೆಂದರೆ ಡೆಲ್ರಿನ್ ಯಾವ ಅಂಟಿಗೂ ಸುಲಭಕ್ಕೆ ಒಲಿಯದು. ಜಾರುವ ಗುಣವೇ ಇಲ್ಲಿ ಶತ್ರು. ಹೊಸ ಗಿಯರ್ ಬೇಕೇ ಬೇಕು. ಪ್ರೋಟೋ 2000 ಮಾಲೀಕರಿಗೆ ಅದೃಷ್ಟವಿತ್ತು. ಪ್ರತಿಸ್ಪರ್ಧಿ ಆಥರ್ನ್ ಕಂಪನಿಯ ಆಕ್ಸಲ್ ಗಿಯರ್ ಅಳತೆಗೆ ಸರಿಯಾಗಿ ಕೂತುಬಿಟ್ಟಿತು. ಆಥರ್ನ್ 1950ರ ದಶಕದಲ್ಲಿ ಗಿಯರೇ ಬೇಡವೆಂದು ರಬ್ಬರ್ ಬ್ಯಾಂಡಿನಿಂದ ಆಕ್ಸಲ್ ತಿರುಗಿಸುವ ಎಂಜಿನ್ ಮಾರಿದ್ದ ಕಂಪನಿ ಎಂಬುದನ್ನು ನೆನೆದರೆ ನಗು ಬರುತ್ತದೆ.

ಸರಿಹೊಂದುವ ಗಿಯರ್ ಅಂಗಡಿಯಲ್ಲಿ ಸಿಗದಿದ್ದರೆ ಲೆಕ್ಕವೇ ಗತಿ. ಹಲ್ಲುಗಳನ್ನು ಎಣಿಸಿ ಎರಡು ಕೂಡಿಸಿ, ಹೊರ ವ್ಯಾಸವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಹಲ್ಲಿನ ಗಾತ್ರ, ಅಂದರೆ ಮಾಡ್ಯೂಲ್ ಸಿಗುತ್ತದೆ. 15 ಹಲ್ಲು, 6.8 ಮಿಲಿಮೀಟರ್ ವ್ಯಾಸವಾದರೆ 0.4 ಮಾಡ್ಯೂಲ್. ಇಷ್ಟು ಗೊತ್ತಿದ್ದರೆ ಅಮೆರಿಕದ ನಾರ್ತ್‌ವೆಸ್ಟ್ ಶಾರ್ಟ್ ಲೈನ್, ಇಂಗ್ಲೆಂಡಿನ ಅಲ್ಟ್ರಾಸ್ಕೇಲ್‌ನಂಥ ಪುಟ್ಟ ಕಾರ್ಖಾನೆಗಳ ಪಟ್ಟಿಯಲ್ಲಿ ಹುಡುಕಬಹುದು. ಈಚೆಗೆ ತ್ರೀಡಿ ಪ್ರಿಂಟರ್ ಬಂದಿದೆ. ಆದರೆ 0.4 ಮಾಡ್ಯೂಲಿನ ಹಲ್ಲು ಒಂದು ಮಿಲಿಮೀಟರಿಗಿಂತಲೂ ಗಿಡ್ಡ. ಸಾಮಾನ್ಯ ಪ್ರಿಂಟರಿನ ನಳಿಕೆಗೆ ಅದರ ರೂಪ ಹಿಡಿಯುವುದು ಕಷ್ಟ. ಹಾಗಾಗಿ ಎಷ್ಟೋ ಹವ್ಯಾಸಿಗಳು ತಮ್ಮ ನಕ್ಷೆಗಳನ್ನು ಶೇಪ್‌ವೇಸ್‌ನಂಥ ದೊಡ್ಡ ಮುದ್ರಣ ಕಂಪನಿಗೆ ಕಳಿಸಿ, ಅಲ್ಲಿಂದಲೇ ಬಿಡಿಭಾಗ ಮಾರುತ್ತಿದ್ದರು. 2024ರಲ್ಲಿ ಆ ಕಂಪನಿಯೂ ದಿವಾಳಿಯಾಯಿತು.

ಹೊಸ ಗಿಯರ್ ಕೂರಿಸುವಾಗ ತಿಳಿದವರು ಹಳೆಯ ತಪ್ಪನ್ನು ಮತ್ತೆ ಮಾಡುವುದಿಲ್ಲ. ತೂತನ್ನು ರೀಮರಿನಿಂದ ಒಂಚೂರು ಸವರಿ ಬಿಗಿತ ಇಳಿಸಿ, ಗಾಲಿಗಳ ಒಳ ಅಂತರ ಸುಮಾರು 14.5 ಮಿಲಿಮೀಟರ್ ಇದೆಯೇ ಎಂದು ಅಳೆದು ನೋಡುತ್ತಾರೆ. ಆಮೇಲೆ ಇನ್ನೂ ನಾಲ್ಕಾರು ಗಿಯರ್ ಹೆಚ್ಚಿಗೆ ಕೊಂಡು ಡಬ್ಬಿಯಲ್ಲಿ ಹಾಕಿಡುತ್ತಾರೆ. ತೂತಿನಲ್ಲಿ ಆಕ್ಸಲ್ ಇಲ್ಲದ ಕಾರಣ ಅವುಗಳ ಮೇಲೆ ಯಾವ ಸೆಳೆತವೂ ಇಲ್ಲ, ಎಷ್ಟು ವರ್ಷ ಇಟ್ಟರೂ ಸೀಳುವ ಭಯ ಕಡಿಮೆ.