ಸ್ಟಾಕ್‌ಫಿಶ್: ಸ್ವಯಂಸೇವಕರು ಕಟ್ಟಿದ ಚದುರಂಗ ತಂತ್ರಾಂಶ

ಸ್ಟಾಕ್‌ಫಿಶ್ ಚದುರಂಗ ಆಡುವ ಮುಕ್ತ ತಂತ್ರಾಂಶ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದದ್ದು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಇದರ ಬೆನ್ನಿಗೆ ಯಾವ ಕಂಪನಿಯೂ ಇಲ್ಲ. ಹತ್ತಾರು ದೇಶಗಳ ಹವ್ಯಾಸಿಗಳು ಬಿಡುವಿನಲ್ಲಿ ಮಾಡಿದ ಸಾವಿರಾರು ಸಣ್ಣ ತಿದ್ದುಪಡಿಗಳಿಂದ ಇದು ಬೆಳೆದಿದೆ. ಮಾರಾಟದ ತಂತ್ರಾಂಶಗಳನ್ನು ಹಿಂದಿಕ್ಕಿ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಮೊದಲ ಸಾಲಿನಲ್ಲಿ ನಿಂತಿದೆ. ಇದಕ್ಕೆ ತನ್ನದೇ ಆದ ಮಣೆಯಾಗಲಿ ಕಾಯಿಗಳಾಗಲಿ ಇಲ್ಲ. ಮಣೆ ತೋರಿಸುವ ಬೇರೊಂದು ತಂತ್ರಾಂಶದೊಡನೆ ಯುಸಿಐ ಎಂಬ ನಿಯಮಾವಳಿಯ ಮೂಲಕ ಮಾತಾಡಿ, ಮುಂದಿನ ನಡೆ ಯಾವುದೆಂದು ಹೇಳುವುದಷ್ಟೇ ಇದರ ಕೆಲಸ.

ನಾರ್ವೆಯ ಟೋರ್ಡ್ ರೋಮ್‌ಸ್ಟಾಡ್ 2004ರಲ್ಲಿ ಗ್ಲೌರುಂಗ್ ಎಂಬ ತಂತ್ರಾಂಶವನ್ನು ಮುಕ್ತವಾಗಿ ಹೊರತಂದರು. ಇಟಲಿಯ ಮಾರ್ಕೊ ಕೊಸ್ಟಾಲ್ಬಾ ಅದರ 2.1ನೇ ಆವೃತ್ತಿಯನ್ನು ಎತ್ತಿಕೊಂಡು ತಿದ್ದಿ, 2008ರ ನವೆಂಬರಿನಲ್ಲಿ ಹೊಸ ಹೆಸರಿನಿಂದ ಬಿಡುಗಡೆ ಮಾಡಿದರು. ಸ್ಟಾಕ್‌ಫಿಶ್ ಎಂದರೆ ನಾರ್ವೆಯಲ್ಲಿ ಒಣಗಿಸಿ ಇಟಲಿಯಲ್ಲಿ ಬೇಯಿಸಿ ತಿನ್ನುವ ಕಾಡ್ ಮೀನು. ಹೆಸರು ಬಂದದ್ದು ಅಲ್ಲಿಂದ. ಫಿನ್‌ಲೆಂಡಿನ ಯೋನಾ ಕೀಸ್ಕಿ ಬೇಗನೆ ಜೊತೆಯಾದರು. ರೋಮ್‌ಸ್ಟಾಡ್ ತಮ್ಮ ಹಳೆಯ ತಂತ್ರಾಂಶವನ್ನು ಕೈಬಿಟ್ಟು ಇದಕ್ಕೇ ಕೈಹಚ್ಚಿದರು. ಕೊಸ್ಟಾಲ್ಬಾ ಅವರಿಗೆ ಕೋಡ್ ಚೊಕ್ಕಟವಾಗಿರಬೇಕೆಂಬ ಹಟವಿತ್ತು. ಮುಂದೆ ಅಪರಿಚಿತರೂ ಒಳಹೊಕ್ಕು ಕೆಲಸ ಮಾಡುವಂತಾದದ್ದರಲ್ಲಿ ಆ ಹಟದ ಪಾಲು ದೊಡ್ಡದು.

ಆದರೂ ಯೋಜನೆಯ ನಿಜವಾದ ತಿರುವು 2013ರದು. ಆ ವರ್ಷ ಗ್ಯಾರಿ ಲಿನ್ಸ್‌ಕಾಟ್ ಫಿಶ್‌ಟೆಸ್ಟ್ ಎಂಬ ಪರೀಕ್ಷಾ ವ್ಯವಸ್ಥೆಯನ್ನು ಕಟ್ಟಿದರು. ಒಳಗಿನ ಯಾವ ಗಣಿತಕ್ಕಿಂತಲೂ ಈ ವ್ಯವಸ್ಥೆಯೇ ಸ್ಟಾಕ್‌ಫಿಶ್‌ನ ಬಲಕ್ಕೆ ಹೆಚ್ಚು ಕಾರಣ ಎನ್ನಬಹುದು. ಒಂದು ತಿದ್ದುಪಡಿಯಿಂದ, ಆಟದ ಬಲವನ್ನು ಅಳೆಯುವ ಎಲೋ ಮಾಪನದಲ್ಲಿ ಎರಡು ಅಂಕದಷ್ಟು ಬಲ ಹೆಚ್ಚಿತೆಂದುಕೊಳ್ಳಿ. ಸಮಬಲರ ನಡುವೆ ನೂರು ಆಟಗಳಿಗೆ 50 ಅಂಕ ಬರುವ ಕಡೆ ಸುಮಾರು 50.3 ಬರುತ್ತದೆ, ಅಷ್ಟೆ. ಗ್ರ್ಯಾಂಡ್‌ಮಾಸ್ಟರ್ ಎದುರಿಗೆ ಕೂತು ನೋಡಿದರೂ ಇದು ಕಣ್ಣಿಗೆ ಬೀಳದು. ಹತ್ತಾರು ಸಾವಿರ ಆಟ ಆಡಿಸಿದರೆ ಮಾತ್ರ ಅದೃಷ್ಟ ಯಾವುದು, ಸುಧಾರಣೆ ಯಾವುದು ಎಂದು ತಿಳಿಯುತ್ತದೆ. ಮನೆಯ ಒಂದು ಕಂಪ್ಯೂಟರಿಗೆ ಅದು ಆಗದ ಕೆಲಸ. ಫಿಶ್‌ಟೆಸ್ಟ್ ಆ ಆಟಗಳನ್ನು ಜಗತ್ತಿನ ನಾನಾ ಕಡೆ ಸ್ವಯಂಸೇವಕರು ಬಿಟ್ಟುಕೊಟ್ಟ ಯಂತ್ರಗಳಿಗೆ ಹಂಚುತ್ತದೆ.

ತಿದ್ದುಪಡಿಯೊಂದು ಸಾಗುವ ದಾರಿ ಹೀಗಿದೆ. ಬರೆದವರು ಮೊದಲು ‘ಬೆಂಚ್’ ಎಂಬ ಆಜ್ಞೆ ಕೊಡುತ್ತಾರೆ. ತಂತ್ರಾಂಶ ಗೊತ್ತುಮಾಡಿಟ್ಟ ಮಣೆಯ ಕೆಲವು ಸ್ಥಿತಿಗಳನ್ನು ಶೋಧಿಸಿ, ಒಟ್ಟು ಎಷ್ಟು ಸ್ಥಿತಿಗಳನ್ನು ನೋಡಿದೆನೆಂಬ ಸಂಖ್ಯೆಯನ್ನು ಹೇಳುತ್ತದೆ. ಅದು ಯಾವ ಕಂಪ್ಯೂಟರಿನಲ್ಲೂ ಒಂದೇ ಬರಬೇಕು. ಸ್ವಯಂಸೇವಕರ ಯಂತ್ರ ಆಟ ಶುರುಮಾಡುವ ಮೊದಲು ತಾನೂ ಅದನ್ನು ಲೆಕ್ಕಹಾಕುತ್ತದೆ; ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಬರೀ ಕೋಡ್ ಚೊಕ್ಕಟ ಮಾಡಿದ್ದೇನೆ, ಆಟ ಬದಲಾಗಿಲ್ಲ ಎನ್ನುವವರ ಮಾತನ್ನು ಒರೆಗೆ ಹಚ್ಚುವುದೂ ಇದೇ ಸಂಖ್ಯೆ.

ಬಳಿಕ ಹಳೆಯ ಆವೃತ್ತಿಗೂ ಹೊಸದಕ್ಕೂ ಪಂದ್ಯ. ಮೊದಲ ಸುತ್ತಿನಲ್ಲಿ ಪ್ರತಿ ಪಕ್ಷಕ್ಕೆ ಇಡೀ ಆಟಕ್ಕೆ 10 ಸೆಕೆಂಡು, ಜೊತೆಗೆ ಪ್ರತಿ ನಡೆಗೆ 0.1 ಸೆಕೆಂಡು. ನಿಧಾನದ ಯಂತ್ರಕ್ಕೆ ಅದರ ವೇಗಕ್ಕೆ ತಕ್ಕಂತೆ ಹೆಚ್ಚು ಸಮಯ ಸಿಗುವುದರಿಂದ ಹಳೆಯ ಲ್ಯಾಪ್‌ಟಾಪ್ ಕೂಡ ವ್ಯರ್ಥವಲ್ಲ. ಒಂದೇ ಆರಂಭವನ್ನು ಬಣ್ಣ ಅದಲುಬದಲು ಮಾಡಿ ಎರಡು ಸಲ ಆಡಿಸುತ್ತಾರೆ. ಎಷ್ಟು ಆಟ ಎಂದು ಮೊದಲೇ ನಿಗದಿ ಮಾಡುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಏಬ್ರಹಾಂ ವಾಲ್ಡ್ ರೂಪಿಸಿದ ಸಂಖ್ಯಾಶಾಸ್ತ್ರೀಯ ವಿಧಾನದಂತೆ, ಪಾಸೋ ಫೇಲೋ ಎಂಬುದು ಸ್ಪಷ್ಟವಾಗುವ ತನಕ ಆಟ ನಡೆಯುತ್ತದೆ. ಗೆದ್ದರೆ 60 ಸೆಕೆಂಡಿನ ಎರಡನೇ ಸುತ್ತು. ಹೆಚ್ಚಿನವು ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತವೆ. ಬಿರುದಾಂಕಿತ ಆಟಗಾರನ ಸಲಹೆ, ನಿನ್ನೆ ಸೇರಿದ ವಿದ್ಯಾರ್ಥಿಯ ಸಲಹೆ ಎಂಬ ಭೇದ ಇಲ್ಲಿಲ್ಲ. ಇನ್ನೊಂದು ಒಳ್ಳೆಯ ರೂಢಿಯೂ ಇದೆ: ಕೋಡಿನ ತುಂಡೊಂದನ್ನು ತೆಗೆದುಹಾಕಿದರೂ ಬಲ ಕುಗ್ಗದಿದ್ದರೆ ಆ ತೆಗೆದುಹಾಕುವಿಕೆಯನ್ನೂ ಸುಧಾರಣೆಯೆಂದೇ ಒಪ್ಪುತ್ತಾರೆ. ಹಲವರ ಕೈಯಾಡಿದ ತಂತ್ರಾಂಶ ಕಸದ ಗುಡ್ಡೆಯಾಗದೆ ಉಳಿದಿರುವುದು ಇದರಿಂದ.

2017ರ ಡಿಸೆಂಬರಿನಲ್ಲಿ ದೊಡ್ಡ ಪೆಟ್ಟು ಬಿತ್ತು. ಡೀಪ್‌ಮೈಂಡ್ ಸಂಸ್ಥೆಯ, ಆಡುತ್ತಲೇ ಕಲಿಯುವ ನರಜಾಲವನ್ನು ಬಳಸುವ ಆಲ್ಫಾಜೀರೊ ತಂತ್ರಾಂಶ ನೂರು ಆಟಗಳಲ್ಲಿ 28 ಗೆದ್ದು, 72 ಡ್ರಾ ಮಾಡಿ, ಒಂದನ್ನೂ ಸೋಲದೆ ಸ್ಟಾಕ್‌ಫಿಶ್ 8ನ್ನು ಮಣಿಸಿತೆಂದು ಪ್ರಕಟವಾಯಿತು. ಪ್ರತಿ ನಡೆಗೆ ಒಂದು ನಿಮಿಷ ಎಂದು ಕಟ್ಟುಹಾಕಿದ್ದು, ಕಡಿಮೆ ಮೆಮೊರಿ ಕೊಟ್ಟದ್ದು ನ್ಯಾಯವಲ್ಲವೆಂಬ ಆಕ್ಷೇಪಗಳೆದ್ದವು. ಅವುಗಳಲ್ಲಿ ಹುರುಳಿತ್ತು; ಆದರೆ ನರಜಾಲದ ಕಾಲ ಬಂದಿತ್ತೆಂಬುದೂ ಅಷ್ಟೇ ನಿಜ. ಆಲ್ಫಾಜೀರೊದ ಹಾದಿಯಲ್ಲೇ ಲೀಲಾ ಚೆಸ್ ಜೀರೊ ಎಂಬ ಮುಕ್ತ ಯೋಜನೆಯನ್ನು 2018ರಲ್ಲಿ ಶುರುಮಾಡಿದವರಲ್ಲಿ ಪ್ರಮುಖರು ಇದೇ ಲಿನ್ಸ್‌ಕಾಟ್.

ಸ್ಟಾಕ್‌ಫಿಶ್‌ಗೆ ಉತ್ತರ ಸಿಕ್ಕಿದ್ದು ಜಪಾನಿನ ಚದುರಂಗವಾದ ಶೋಗಿಯಿಂದ. ಯು ನಾಸು 2018ರಲ್ಲಿ ಶೋಗಿಗಾಗಿ ಎನ್‌ಎನ್‌ಯುಇ ಎಂಬ ಪುಟ್ಟ ನರಜಾಲವನ್ನು ರೂಪಿಸಿದ್ದರು. ಒಂದು ನಡೆಯಿಂದ ಮಣೆಯ ಮೇಲೆ ಬದಲಾಗುವುದು ಒಂದೆರಡು ಕಾಯಿಗಳ ಜಾಗ ಮಾತ್ರ; ಆದ್ದರಿಂದ ಜಾಲದ ಮೊದಲ ಪದರದಲ್ಲಿ ಅಷ್ಟನ್ನೇ ಮತ್ತೆ ಲೆಕ್ಕಹಾಕಿದರೆ ಸಾಕು, ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಹಿಸಾಯೊರಿ ನೋಡಾ ಇದನ್ನು ಸ್ಟಾಕ್‌ಫಿಶ್‌ಗೆ ಅಳವಡಿಸಿದರು. 2020ರ ಸೆಪ್ಟೆಂಬರಿನಲ್ಲಿ ಹೊರಬಂದ 12ನೇ ಆವೃತ್ತಿ ಹಿಂದಿನದನ್ನು ಬಹಳ ಹಿಂದೆ ಬಿಟ್ಟಿತು. ಮುಂದೆ ಈ ಜಾಲಕ್ಕೆ ತರಬೇತಿ ಕೊಡಲು ಪ್ರತಿಸ್ಪರ್ಧಿ ಲೀಲಾದ ಸ್ವಯಂಸೇವಕರು ಕೂಡಿಸಿದ ದತ್ತಾಂಶವೇ ಒದಗಿತು. ಆನೆಯ ಬೆಲೆಯೆಷ್ಟು, ರಾಜ ಎಷ್ಟು ಸುರಕ್ಷಿತ ಎಂಬುದನ್ನೆಲ್ಲ ಮನುಷ್ಯರೇ ವರ್ಷಗಟ್ಟಲೆ ಕೂತು ಬರೆದಿದ್ದ ನಿಯಮಗಳು 2024ರ ಫೆಬ್ರುವರಿಯಲ್ಲಿ ಬಂದ 16.1ನೇ ಆವೃತ್ತಿಯಲ್ಲಿ ಉಳಿಯಲಿಲ್ಲ.

ಉಚಿತವೆಂದರೆ ಷರತ್ತಿಲ್ಲವೆಂದಲ್ಲ. ಜಿಪಿಎಲ್ 3 ಪರವಾನಗಿಯ ಪ್ರಕಾರ ಸ್ಟಾಕ್‌ಫಿಶ್ ಆಧಾರಿತ ತಂತ್ರಾಂಶವನ್ನು ಮಾರಲೂಬಹುದು, ಆದರೆ ಕೋಡನ್ನೂ ಅದೇ ಹಕ್ಕುಗಳನ್ನೂ ಕೊಂಡವರಿಗೆ ಒದಗಿಸಬೇಕು. ಜರ್ಮನಿಯ ಚೆಸ್‌ಬೇಸ್ ಕಂಪನಿ ಫ್ಯಾಟ್ ಫ್ರಿಟ್ಜ್ 2 ಮೊದಲಾದ ತಂತ್ರಾಂಶಗಳಲ್ಲಿ ಈ ಷರತ್ತು ಮುರಿದಿದೆಯೆಂದು ತಂಡ 2021ರಲ್ಲಿ ಅಲ್ಲಿನ ನ್ಯಾಯಾಲಯಕ್ಕೆ ಹೋಯಿತು. 2022ರ ನವೆಂಬರಿನಲ್ಲಿ ರಾಜಿಯಾಯಿತು: ಒಂದು ವರ್ಷ ಸ್ಟಾಕ್‌ಫಿಶ್ ಕೋಡ್ ಇರುವ ಸರಕನ್ನು ಕಂಪನಿ ಮಾರುವಂತಿಲ್ಲ, ಮುಕ್ತ ತಂತ್ರಾಂಶದ ನಿಯಮಪಾಲನೆಗೆ ಒಬ್ಬರನ್ನು ನೇಮಿಸಬೇಕು. ಸಂಬಳವಿಲ್ಲದ ಹವ್ಯಾಸಿಗಳು ಪರವಾನಗಿಯ ಬಲದಿಂದ ಇಷ್ಟು ಗಳಿಸಿದ್ದು ಸಣ್ಣ ಸಂಗತಿಯಲ್ಲ.

ಸ್ಟಾಕ್‌ಫಿಶ್‌ನ ಕೋಡಿನೊಂದಿಗೆ ಹೆಸರುಗಳ ಎರಡು ಕಡತಗಳು ಬರುತ್ತವೆ. ಒಂದರಲ್ಲಿ ಕೋಡ್ ಬರೆದವರು. ಇನ್ನೊಂದರಲ್ಲಿ ತಮ್ಮ ಯಂತ್ರಗಳನ್ನು ಆಟಕ್ಕೆ ಬಿಟ್ಟುಕೊಟ್ಟವರು, ಯಾರದು ಎಷ್ಟು ಗಂಟೆ, ಎಷ್ಟು ಆಟ ಎಂಬ ಲೆಕ್ಕದ ಸಮೇತ.