ಶಾಸನ ಹೇಳುವುದೆಷ್ಟು, ನಂಬಿಕೆ ಹೇಳುವುದೆಷ್ಟು?



ಮೈಸೂರು ಸೀಮೆಗೆ ಕ್ರೈಸ್ತಧರ್ಮವು ನಿನ್ನೆ ಮೊನ್ನೆ ಬಂದುದಲ್ಲ. 17ನೆಯ ಶತಮಾನದ ಮಧ್ಯಭಾಗದಲ್ಲಿಯೇ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ನೆಲೆನಿಂತು ಕನ್ನಡ ಕಲಿತು ಧರ್ಮಪ್ರಚಾರ ಆರಂಭಿಸಿದ್ದರು. ನಮ್ಮ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ತಲೆತಲಾಂತರದಿಂದ ಬಾಳಿರುವ ಕ್ರೈಸ್ತ ಕುಟುಂಬಗಳಿವೆ. ಅಂಥ ಮನೆಗಳ ಮಕ್ಕಳನ್ನು ಇಂದು ಮೊಬೈಲಿನಲ್ಲಿ ಓದಿದ ಒಂದು ಮಾತು ಕಾಡುತ್ತದೆ: ಯೇಸು ಎಂಬ ವ್ಯಕ್ತಿಯೇ ಇರಲಿಲ್ಲವಂತೆ! ಹಾಗಾದರೆ ಅಜ್ಜ ಅಜ್ಜಿಯರ ಪ್ರಾರ್ಥನೆಯೆಲ್ಲ ಕಟ್ಟುಕಥೆಗೆ ಸಲ್ಲಿಸಿದ್ದೇ?

ಉತ್ತರಕ್ಕೆ ಮೊದಲು ಮಾಗಡಿಯ ಕಡೆ ನೋಡೋಣ. ಕೆಂಪೇಗೌಡರು ಬೆಂಗಳೂರಿನ ಕೋಟೆ ಕಟ್ಟಿಸುವಾಗ ಹೆಬ್ಬಾಗಿಲು ನಿಲ್ಲದಿರಲು ಸೊಸೆ ಲಕ್ಷ್ಮೀದೇವಿ ಆತ್ಮಾರ್ಪಣೆ ಮಾಡಿಕೊಂಡಳೆಂಬ ಐತಿಹ್ಯವನ್ನು ನಾವೆಲ್ಲ ಕೇಳಿದ್ದೇವೆ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ 2015ರಲ್ಲಿ ಬೆಳಕಿಗೆ ಬಂದ ಸಮಾಧಿಯ ಶಾಸನವು ಕೆಂಪೇಗೌಡರ ಮರಣವನ್ನು ಹೇಳುತ್ತದೆ, ಸೊಸೆಯ ಬಲಿದಾನವನ್ನಲ್ಲ. ಐತಿಹ್ಯಕ್ಕೆ ಶಾಸನದ ಆಧಾರವಿಲ್ಲವೆಂದು ಕೆಂಪೇಗೌಡರೇ ಇರಲಿಲ್ಲವೆಂದು ಯಾರಾದರೂ ಹೇಳುವರೇ?

ಅದೇ ತಕ್ಕಡಿಯಲ್ಲಿ ಇದನ್ನೂ ತೂಗಬೇಕು. ಯೇಸು ಸ್ವತಃ ಏನನ್ನೂ ಬರೆದಿಡಲಿಲ್ಲ. ಸಂತ ಪೌಲನ ಪತ್ರಗಳು ಶಿಲುಬೆಯ ಮರಣದ ಸುಮಾರು 20 ವರ್ಷಗಳ ಅನಂತರದವು. ಆತನು ಯೇಸುವಿನ ಸಹೋದರ ಯಾಕೋಬನನ್ನು ಕಂಡುದಾಗಿ ಬರೆಯುತ್ತಾನೆ. ಯೆಹೂದಿ ಇತಿಹಾಸಕಾರ ಜೋಸೆಫಸ್‌ನೂ ಕ್ರಿ.ಶ. 93ರ ಸುಮಾರಿಗೆ ಆ ಯಾಕೋಬನನ್ನು ಹೆಸರಿಸುತ್ತಾನೆ. ಯೇಸುವನ್ನು ಕುರಿತ ಅವನ ಇನ್ನೊಂದು ಭಾಗದಲ್ಲಿ ಮುಂದಿನ ಕ್ರೈಸ್ತ ಲಿಪಿಕಾರರ ಕೈವಾಡವಿದೆಯೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಕ್ರೈಸ್ತರನ್ನು ಹೀಗಳೆದ ರೋಮನ್ ಇತಿಹಾಸಕಾರ ಟಾಸಿಟಸ್, ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ ಪಿಲಾತನು ಕ್ರಿಸ್ತನಿಗೆ ಮರಣದಂಡನೆ ವಿಧಿಸಿದನೆಂದು ಕ್ರಿ.ಶ. 116ರ ಸುಮಾರಿಗೆ ಬರೆದನು. ಹೊಗಳುವ ಉದ್ದೇಶವಿಲ್ಲದವನ ಸಾಕ್ಷ್ಯಕ್ಕೆ ಇತಿಹಾಸದಲ್ಲಿ ಬೆಲೆ ಹೆಚ್ಚು. ಆ ಪಿಲಾತನ ಹೆಸರೂ ಪದವಿಯೂ ಇರುವ ಕಲ್ಲು 1961ರಲ್ಲಿ ಸಿಸೇರಿಯದಲ್ಲಿ ದೊರೆಯಿತು.

ಆದುದರಿಂದ ಯೇಸು ಬಾಳಿದ್ದನ್ನೂ ಶಿಲುಬೆಯಲ್ಲಿ ಮಡಿದುದನ್ನೂ ಧರ್ಮಭೇದವಿಲ್ಲದೆ ಬಹುತೇಕ ಇತಿಹಾಸಕಾರರು ಒಪ್ಪುತ್ತಾರೆ. ಮೂರನೆಯ ದಿನದ ಪುನರುತ್ಥಾನ? ಶಿಷ್ಯರು ಅದನ್ನು ದೃಢವಾಗಿ ನಂಬಿದರೆಂಬುದು ಇತಿಹಾಸ. ಅದು ನಡೆಯಿತೆಂಬುದು ವಿಶ್ವಾಸ. ಅದನ್ನು ಸ್ಥಾಪಿಸುವ ಶಾಸನವೂ ಇಲ್ಲ, ಅಲ್ಲಗಳೆಯುವ ಶಾಸನವೂ ಇಲ್ಲ.

ಸಂದೇಹಪಡುವ ಮಗುವನ್ನು ಗದರಿಸಬೇಡಿ. ನಂಬುವ ಅಜ್ಜಿಯನ್ನು ನಗೆಪಾಟಲು ಮಾಡಬೇಡಿ. ಪುರಾವೆ ಕೇಳುವುದು ಅಧರ್ಮವಲ್ಲ, ಪುರಾವೆ ಮುಗಿದ ಮೇಲೂ ಕೈಮುಗಿಯುವುದು ಅಜ್ಞಾನವಲ್ಲ.