ತೋಳಿನಿಂದ ತೋಳಿಗೆ

ಸಿಡುಬನ್ನು ತಡೆಯುವ ಉಪಾಯವು ಲಂಡನ್ನಿನ ವೈದ್ಯಪಂಡಿತರ ಸಭೆಯಲ್ಲಿ ಹುಟ್ಟದೆ ಗ್ಲಾಸ್ಟರ್‌ಷೈರಿನ ಬರ್ಕ್ಲಿಯೆಂಬ ಸಣ್ಣ ಊರಿನಲ್ಲಿ ಹುಟ್ಟಿದುದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಹೈನವೇ ಜೀವನಾಧಾರವಾಗಿದ್ದ ಆ ಸೀಮೆಯಲ್ಲಿ, ಹಸುವಿನ ಕೆಚ್ಚಲ ಗುಳ್ಳೆ ಕೈಗೆ ಅಂಟಿದ ಹೆಂಗಸರನ್ನು ಸಿಡುಬು ಮುಟ್ಟದೆಂಬುದು ಜನಜನಿತವಾದ ಮಾತಾಗಿತ್ತು. ಆ ಮಾತನ್ನು ಅಲ್ಲಗಳೆಯದೆ ಮನಸ್ಸಿಗೆ ತಂದುಕೊಂಡ ಎಡ್ವರ್ಡ್ ಜೆನ್ನರನು 1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬ ಗೊಲ್ಲತಿಯ ಕೈಗುಳ್ಳೆಯ ರಸಿಯನ್ನು ಎಂಟು ವರ್ಷದ ಬಾಲಕನೊಬ್ಬನ ತೋಳಿಗೆ ಹಾಕಿ ಪರೀಕ್ಷಿಸಿದನು. 1798ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು.

ಗ್ರಂಥಕ್ಕೆ ಸಮುದ್ರವು ಅಡ್ಡಿಯಾಗಲಿಲ್ಲ, ರಸಿಗೆ ಆಯಿತು. ಆಫ್ರಿಕದ ತುದಿಯನ್ನು ಬಳಸಿ ಭಾರತಕ್ಕೆ ಬರುವ ಹಡಗಿಗೆ ಐದಾರು ತಿಂಗಳು ಹಿಡಿಯುತ್ತಿದ್ದ ಆ ಕಾಲದಲ್ಲಿ, ರಸಿಯಲ್ಲಿ ಅದ್ದಿ ಒಣಗಿಸಿ ಕಳುಹಿಸಿದ ನೂಲು ಬಿಸಿಲ ಸೀಮೆಯನ್ನು ದಾಟುವಷ್ಟರಲ್ಲಿ ನಿಸ್ಸತ್ತ್ವವಾಗುತ್ತಿತ್ತು. ವಿಧಾನವನ್ನು ಬಲ್ಲ ವೈದ್ಯರು ಭಾರತದಲ್ಲಿದ್ದರು. ಅವರ ಕೈ ಮಾತ್ರ ಬರಿದಾಗಿತ್ತು. ಈ ಬಿಕ್ಕಟ್ಟನ್ನು ಬಿಡಿಸಿದವನು, ಸಮುದ್ರದಿಂದ ದೂರವಿದ್ದರೂ ಪೂರ್ವದೇಶಗಳ ಭೂಮಾರ್ಗಕ್ಕೆ ಬಾಗಿಲಿನಂತಿದ್ದ ವಿಯೆನ್ನಾ ನಗರದ ವೈದ್ಯ ಜ್ಯಾನ್ ದ ಕಾರೋ. ಲೊಂಬಾರ್ಡಿಯ ಹಸುಗಳಿಂದ ದೊರೆತ ರಸಿಯಲ್ಲಿ ನಾರನ್ನು ನೆನೆಸಿ, ಎರಡು ಗಾಜಿನ ಬಿಲ್ಲೆಗಳ ನಡುವೆ ಇಟ್ಟು, ಗಾಳಿಯಾಡದಂತೆ ಮೇಣವನ್ನು ಪದರಪದರವಾಗಿ ಬಳಿದು, ಉಂಡೆಯಾಗಿಸಿ ಆತನು ಕಳುಹಿಸಿದುದು ಬಾಗ್ದಾದನ್ನು ಸೇರಿದಾಗಲೂ ಫಲಕಾರಿಯಾಗಿಯೇ ಉಳಿದಿತ್ತು. ಅಲ್ಲಿಂದ ಬಸ್ರಾ, ಬಸ್ರಾದಿಂದ ಮುಂಬಯಿ. 1802ರ ಜೂನ್ 14ರಂದು ಮೂರು ವರ್ಷದ ಆನ್ನಾ ಡಸ್ಟ್‌ಹಾಲ್ ಎಂಬ ಕೂಸಿನ ತೋಳಿಗೆ ಆ ರಸಿಯನ್ನು ಹಾಕಲಾಯಿತು. ಎಂಟನೆಯ ದಿನ ಅಲ್ಲಿ ಎದ್ದ ಗುಳ್ಳೆಯಿಂದ ತೆಗೆದ ರಸಿಯೇ ಈ ದೇಶದ ಮೊದಲ ಲಸಿಕೆಗಳಿಗೆಲ್ಲ ಮೂಲವಾಯಿತು. ಆ ಕೂಸಿನ ಹೆಸರನ್ನು ನಮ್ಮ ಪಾಠಪುಸ್ತಕಗಳು ಸ್ಮರಿಸಬೇಕು.

ಮೈಸೂರಿಗೂ ಆ ಲಸಿಕೆ ತಡವಿಲ್ಲದೆ ಬಂದಿತು. ಸುಮಾರು 1805ರಲ್ಲಿ ಥಾಮಸ್ ಹಿಕಿ ಚಿತ್ರಿಸಿದನೆನ್ನಲಾದ ಒಂದು ಪಟದಲ್ಲಿ ಮೂವರು ರಾಜಸ್ತ್ರೀಯರಿರುವರು. ಬಲಬದಿಯವಳು ಸೆರಗನ್ನು ತೋಳಿನಿಂದ ಸರಿಸಿ ನಿಂತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿಯೆಂದೂ, ತೋರುತ್ತಿರುವುದು ಲಸಿಕೆ ಹಾಕಿದ ಜಾಗವೆಂದೂ ಇತಿಹಾಸಕಾರರೊಬ್ಬರು ಅರ್ಥೈಸಿದ್ದಾರೆ. ಈ ಅರ್ಥವು ನಿಜವಾದರೆ, ಪ್ರಜೆಗಳ ಅಂಜಿಕೆಯನ್ನು ನೀಗಲು ಅಂತಃಪುರವೇ ಮುಂದೆ ಬಂದಂತಾಯಿತು.

ಆದರೆ ರಾಜಧಾನಿಗೆ ಬಂದುದು ಕಾಡಂಚಿನ ಹಟ್ಟಿಗೆ ಬಾರದು. ರಸಿಯನ್ನು ತೋಳಿನಿಂದ ತೋಳಿಗೆ ದಾಟಿಸಿಯೇ ಉಳಿಸಬೇಕಾಗಿದ್ದುದರಿಂದ, ದೇವಿ ಹಾಕುವವನು, ಎಂದರೆ ಲಸಿಕೆ ಹಾಕುವವನು, ಒಂದೂರಿನಿಂದ ಮತ್ತೊಂದೂರಿಗೆ ಹೋಗುವಾಗ, ಮಾಗಿದ ಗುಳ್ಳೆಯಿರುವ ಮಗುವೊಂದನ್ನು ಜೊತೆಯಲ್ಲಿ ಕರೆದೊಯ್ಯಬೇಕಾಗುತ್ತಿತ್ತು; ಹೆತ್ತವರು ಒಪ್ಪದಿದ್ದರೆ ಅಥವಾ ಮುಂದಿನ ಊರು ಬಹುದೂರವಿದ್ದರೆ ಆ ಸರಣಿ ಅಲ್ಲಿಗೇ ಕಡಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕರುವಿನ ಚರ್ಮದ ಮೇಲೆ ರಸಿಯನ್ನು ಬೆಳೆಸುವ ಪದ್ಧತಿಯು ಹರಡಿದ ಮೇಲೆಯೇ ಮಕ್ಕಳನ್ನು ಹೀಗೆ ಊರೂರಿಗೆ ಒಯ್ಯುವ ಕಷ್ಟವು ಕ್ರಮೇಣ ತಪ್ಪಿತು.